ಹೆಬ್ಬೆಯ ಕಾಡಿನ ದಾರಿ

ತರೀಕೆರೆ ತಾಲ್ಲೂಕಿನಲ್ಲಿ ಕೆಮ್ಮಣ್ಣುಗುಂಡಿ ಇದೆ. ಕೆಂಪು ಮಣ್ಣಿನ ಜಾಗ. ಅದಕ್ಕೇ ಈ ಹೆಸರು. ಅಲ್ಲಿಂದ ಕೆಳಗಿಳಿದರೆ ಹೆಬ್ಬೆ ಜಲಪಾತ. ಬನ್ನಿ ಅಕ್ಕ, ಹೋಗಿ ಬರೋಣ.

ದಾರಿಯಲ್ಲಿ ಮೊದಲು ಕಾಫಿ ತೋಟ, ಆಮೇಲೆ ದಟ್ಟ ಕಾಡು. ಇದು ಹುಲಿ, ಆನೆ ಇರುವ ಭದ್ರಾ ಕಾಡು. ಅರಣ್ಯ ಇಲಾಖೆಯವರ ಅಪ್ಪಣೆ ಬೇಕು. ಮಳೆಗಾಲದಲ್ಲಿ ಇಂಬಳ ಕಾಲಿಗೆ ಹತ್ತುತ್ತದೆ. ಹೆದರಬೇಡಿ. ಉಪ್ಪು ತಾಗಿಸಿದರೆ ಬಿದ್ದುಹೋಗುತ್ತದೆ.

ಅಗೋ, ಹೆಬ್ಬೆ! ಸುಮಾರು 550 ಅಡಿ ಎತ್ತರ. ಒಂಬತ್ತು ತೆಂಗಿನ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು! ನೀರು ಎರಡು ಹಂತದಲ್ಲಿ ಬೀಳುತ್ತದೆ. ಒಂದು ದೊಡ್ಡ ಹೆಬ್ಬೆ, ಇನ್ನೊಂದು ಚಿಕ್ಕ ಹೆಬ್ಬೆ.

ಮಳೆ ನಿಂತ ಮೇಲೂ ನೀರು ಎಲ್ಲಿಂದ ಬರುತ್ತೆ? ಮನೆಯಲ್ಲೇ ನೋಡಿ. ಇಳಿಜಾರಾದ ಬರಿ ನೆಲಕ್ಕೆ ಒಂದು ಕೊಡ ನೀರು ಸುರಿಯಿರಿ. ಸರ್ರನೆ ಹರಿದುಹೋಗುತ್ತದೆ. ತರಗೆಲೆ ಹರಡಿದ ನೆಲಕ್ಕೆ ಸುರಿಯಿರಿ. ನಿಧಾನವಾಗಿ ಇಂಗುತ್ತದೆ. ಕಾಡಿನ ನೆಲವೂ ಹಾಗೇ. ಮಳೆ ನೀರನ್ನು ಕುಡಿದು, ಸ್ವಲ್ಪ ಸ್ವಲ್ಪವೇ ಹಳ್ಳಕ್ಕೆ ಬಿಡುತ್ತದೆ. ಆ ನೀರು ಭದ್ರಾ ನದಿ ಸೇರುತ್ತದೆ. ನದಿಯಿಂದ ಗದ್ದೆಗೆ, ತೋಟಕ್ಕೆ.

ಬೇಸಿಗೆಯಲ್ಲಿ ತರಗೆಲೆಗೆ ಒಂದು ಬೀಡಿಯ ಕಿಡಿ ಸಾಕು, ಕಾಡು ಸುಡುತ್ತದೆ. ನೆಲ ಬರಿದಾಗುತ್ತದೆ. ಹಳ್ಳ ಬೇಗ ಬತ್ತುತ್ತದೆ. ಆಗ ದೂರದಿಂದ ಕೊಡ ಹೊರುವವರು ಯಾರು? ನಾವೇ ಅಲ್ವಾ?

ಈಗ ನಮಗೆ ಓದು ಬರುತ್ತದೆ. ಈ ಹಲಗೆ ಓದೋಣ, ಜೊತೆಯಲ್ಲಿ ಇರುವವರಿಗೂ ಓದಿ ಹೇಳೋಣ:

ಕಾಡಿಗೆ ಬೆಂಕಿ ಹಾಕಬೇಡಿ.

ಉತ್ತರ ಬರೆಯಿರಿ
1. ಹೆಬ್ಬೆಯ ನೀರು ಯಾವ ನದಿ ಸೇರುತ್ತದೆ?
2. ತರಗೆಲೆಯಿಂದ ಏನು ಉಪಯೋಗ?
3. ನಿಮ್ಮೂರ ಹಳ್ಳದಲ್ಲಿ ಎಷ್ಟು ತಿಂಗಳು ನೀರಿರುತ್ತದೆ?