ಆಗುಂಬೆಯ ಇರುಳಲ್ಲಿ ನೂರು ಮೀಟರ್: ರಾತ್ರಿ ನಡಿಗೆಯ ಸೂತ್ರಗಳು

ಮಳೆಗಾಲ ಹಿಡಿಯಿತೆಂದರೆ ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ ಹತ್ತಿ, ಶನಿವಾರ ಸಂಜೆಗೆ ಆಗುಂಬೆಯ ಕಾಡಂಚಿನಲ್ಲಿ ಟಾರ್ಚ್ ಹಿಡಿದು ನಿಲ್ಲುವವರು ಈಗ ಬೇಕಾದಷ್ಟಿದ್ದಾರೆ. ಅವರಲ್ಲಿ ಅನೇಕರು "ಏನೂ ಕಾಣಲಿಲ್ಲ" ಎಂದು ಮುಖ ಸಪ್ಪೆ ಮಾಡಿಕೊಂಡು ವಾಪಸಾಗುತ್ತಾರೆ. ಕಾಡೇನೋ ಭರ್ತಿ ಇತ್ತು, ಇವರು ಬಿರಬಿರನೆ ನಡೆದುಬಿಟ್ಟರು, ಅಷ್ಟೆ. ಮಳೆಕಾಡಿನಲ್ಲಿ ರಾತ್ರಿ ಎಚ್ಚರವಿರುವ ಜೀವಿಗಳಲ್ಲಿ ಬಹುಪಾಲು ಹೆಬ್ಬೆರಳಿಗಿಂತ ಚಿಕ್ಕವು. ಗಂಟೆಗೆ ಎರಡು ಕಿಲೋಮೀಟರ್ ನಡೆದವನಿಗಿಂತ ನೂರು ಮೀಟರ್ ನಡೆದವನಿಗೆ ಹೆಚ್ಚು ಕಾಣುತ್ತದೆ. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಇಲ್ಲಿದೆ.

1. ಗೈಡ್‌ಗೆ ಮೊದಲೇ ಒಂದು ಪ್ರಶ್ನೆ ಕೇಳಿ

"ಹಾವು ಸಿಕ್ಕಿದರೆ ಏನು ಮಾಡ್ತೀರಿ?" ಇಷ್ಟೇ ಪ್ರಶ್ನೆ. "ದೂರದಿಂದ ತೋರಿಸ್ತೇನೆ, ಆಮೇಲೆ ಅದರ ಪಾಡಿಗೆ ಬಿಟ್ಟು ಮುಂದೆ ಹೋಗುದು" ಎಂದರೆ ಮುಂಗಡ ಕೊಡಿ. "ಹಿಡಿದು ಕೈಗೇ ಕೊಡ್ತೀನಿ ಸರ್, ಫೋಟೊ ತೆಗೆಸ್ಕೊಳ್ಳಿ" ಎಂದರೆ ಫೋನ್ ಇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವನ್ನು ಹಾಗೆ ಹಿಡಿದು ಆಡಿಸುವುದು ಅಪರಾಧ.

ಇನ್ನೊಂದು ಚಾಲಾಕಿಯೂ ಇದೆ: ಹಗಲೇ ಹಾವು ಹಿಡಿದಿಟ್ಟುಕೊಂಡು, ರಾತ್ರಿ ಕೊಂಬೆಯ ಮೇಲೆ ಬಿಟ್ಟು "ಸಿಕ್ಕಿತು ನೋಡಿ" ಎನ್ನುವುದು. ಹಾಗಂತ ಗೈಡ್ ನೇರವಾಗಿ ಹಾವಿನ ಬಳಿಗೇ ಕರೆದೊಯ್ದರೆ ಅನುಮಾನಪಡಬೇಕಿಲ್ಲ. ಮಲಬಾರ್ ಗುಳಿಮಂಡಲ ಬೇಟೆಗೆ ಹೊಂಚುಹಾಕಿ ಒಂದೇ ಕೊಂಬೆಯ ಮೇಲೆ ದಿನಗಟ್ಟಲೆ ಕೂರುವ ಪ್ರಾಣಿ, ಅದರ ವಿಳಾಸ ಒಳ್ಳೆಯ ಗೈಡ್‌ಗೆ ಗೊತ್ತಿರುತ್ತದೆ. ತಾನಾಗಿ ಕುಳಿತ ಹಾವು ಸುರುಳಿ ಸುತ್ತಿ, ತಲೆಯನ್ನು ಕೆಳಮುಖವಾಗಿಟ್ಟು, ಅಲುಗಾಡದೆ ಇರುತ್ತದೆ. ತಂದು ಬಿಟ್ಟದ್ದು ಚಡಪಡಿಸುತ್ತದೆ, ಜಾಗ ಖಾಲಿ ಮಾಡಲು ನೋಡುತ್ತದೆ.

2. ಯಾರ ಜಾಗದಲ್ಲಿ ನಡೆಯುತ್ತಿದ್ದೀರಿ, ಕೇಳಿ ತಿಳಿದುಕೊಳ್ಳಿ

ಆಗುಂಬೆಯ ಸುತ್ತ ಸೋಮೇಶ್ವರ ಅಭಯಾರಣ್ಯವಿದೆ, ಮೀಸಲು ಅರಣ್ಯವಿದೆ. ಅನುಮತಿ ಇಲ್ಲದೆ ರಾತ್ರಿ ಅಲ್ಲಿಗೆ ಕಾಲಿಟ್ಟರೆ ಕೇಸು ಬೀಳುವುದು ಗೈಡ್ ಮೇಲೆ ಮಾತ್ರವಲ್ಲ, ನಿಮ್ಮ ಮೇಲೂ. ಸರಿಯಾದ ನಡಿಗೆ ನಡೆಯುವುದು ಖಾಸಗಿ ತೋಟದ ಅಂಚಿನಲ್ಲಿ, ಕೆರೆಯ ದಂಡೆಯಲ್ಲಿ, ಇಲ್ಲವೇ ಸಂಶೋಧನಾ ಕೇಂದ್ರಗಳ ಸ್ವಂತ ಜಾಗದಲ್ಲಿ. ಉರಗತಜ್ಞ ರಾಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದಂಥವು ಇಲ್ಲಿವೆ. ತೋಟದ ಅಂಚು ಎಂದು ಮೂಗು ಮುರಿಯಬೇಡಿ, ಮರಗಪ್ಪೆಗೆ ಸರ್ವೆ ನಂಬರ್ ಗೊತ್ತಿಲ್ಲ.

ಬಿಸಿಲೆ, ಸಕಲೇಶಪುರ, ಕೊಡಗಿನ ಕಡೆ ಹೋಗುವವರು ಆನೆಯ ಸುದ್ದಿ ವಿಚಾರಿಸಿಯೇ ಹೊರಡಬೇಕು. ಆನೆ ಓಡಾಡುವ ಕಡೆ ರಾತ್ರಿ ಕಾಲ್ನಡಿಗೆ ಬೇಡವೇ ಬೇಡ.

3. ಕಾಳಿಂಗ ಸರ್ಪವನ್ನು ಪಟ್ಟಿಯಿಂದ ಹೊಡೆದುಹಾಕಿ

ಆಗುಂಬೆ ಎಂದೊಡನೆ ಎಲ್ಲರ ಬಾಯಲ್ಲೂ ಅದೇ. ಆದರೆ ಕಾಳಿಂಗ ಹಗಲಿನ ಹಾವು. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಎಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿದ್ದಾರೆ, ಹೆಸರೂ ಓಫಿಯೋಫೇಗಸ್ ಕಾಳಿಂಗ ಎಂದೇ. ರಾತ್ರಿ ನಡಿಗೆಯಲ್ಲಿ "ಕಾಳಿಂಗ ಗ್ಯಾರಂಟಿ" ಎನ್ನುವವನ ಜೊತೆ ಹೋಗಬೇಡಿ.

4. ಮಳೆ ನಿಂತ ಗಳಿಗೆ ಹಿಡಿಯಿರಿ

ಆಗುಂಬೆಯ ವಾರ್ಷಿಕ ಮಳೆ ಸರಾಸರಿ 7,000 ಮಿ.ಮೀ. ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವಂಥದ್ದು. ಧೋ ಎಂದು ಹೊಯ್ಯುವಾಗ ಹೊರಟರೆ ಟಾರ್ಚಿನ ಬೆಳಕು ಹನಿಗಳಿಗೇ ಬಡಿದು ಕಣ್ಣಿಗೆ ರಾಚುತ್ತದೆ, ಕಪ್ಪೆಯ ದನಿಯೂ ಕೇಳಿಸದು. ಸಂಜೆ ಹೊಯ್ದು ಎಂಟರ ಹೊತ್ತಿಗೆ ಹೊಳವಾದರೆ ಅದೇ ಸುಗ್ಗಿ. ಬೆಳದಿಂಗಳಿಗಿಂತ ಅಮಾವಾಸ್ಯೆಯ ಆಸುಪಾಸು ವಾಸಿ. ಮಿಂಚುಹುಳುಗಳ ಜಾತ್ರೆ ನೋಡಬೇಕೆನ್ನುವವರು ಮಳೆ ಹಿಡಿಯುವ ಮುಂಚೆಯೇ, ಮೇ ಕೊನೆಗೆ ಬರಬೇಕು.

5. ಟಾರ್ಚ್ ಸೊಂಟದ ಬಳಿ ಬೇಡ, ಕಣ್ಣಿನ ಪಕ್ಕಕ್ಕಿರಲಿ

ನೂರಕ್ಕೆ ತೊಂಬತ್ತು ಮಂದಿ ಎಡವುವುದು ಇಲ್ಲೇ. ರಾತ್ರಿ ಸಂಚರಿಸುವ ಬಹಳಷ್ಟು ಪ್ರಾಣಿಗಳ ಕಣ್ಣಿನೊಳಗೆ, ಅಕ್ಷಿಪಟಲದ ಹಿಂದೆ, ಬೆಳಕನ್ನು ಮರಳಿಸುವ ಪದರವೊಂದಿದೆ. ಅದು ಬೆಳಕನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ. ಟಾರ್ಚ್ ಸೊಂಟದ ಹತ್ತಿರವಿದ್ದರೆ ಹೊಳಪು ಸೊಂಟಕ್ಕೇ ಬರುತ್ತದೆ, ನಿಮ್ಮ ಕಣ್ಣಿಗಲ್ಲ. ತಲೆಗೆ ಕಟ್ಟುವ ಟಾರ್ಚ್ ಉತ್ತಮ. ಇಲ್ಲವಾದರೆ ಕೈಟಾರ್ಚನ್ನೇ ಕಿವಿಯ ಪಕ್ಕ ಹಿಡಿದು ಅದರ ಗುಂಟ ನೋಡಿ.

ಹೀಗೆ ಮಾಡಿದ ಕೂಡಲೇ ನೆಲದ ತರಗೆಲೆಗಳ ನಡುವೆ ಹಸಿರು-ನೀಲಿ ಚುಕ್ಕೆಗಳು ಮಿನುಗತೊಡಗುತ್ತವೆ. ಇಬ್ಬನಿ ಎಂದುಕೊಂಡು ದಾಟಿಹೋಗಬೇಡಿ. ತಲೆ ಆಚೀಚೆ ಮಾಡಿದರೆ ನೀರ ಹನಿಯ ಹೊಳಪು ಹೊರಳುತ್ತದೆ, ಜೇಡದ ಕಣ್ಣಿನದು ಅಲ್ಲೇ ನಿಂತಿರುತ್ತದೆ. ಬೆಳಕು ಕದಲಿಸದೆ ಹತ್ತಿರ ಹೋಗಿ ಬಾಗಿ ನೋಡಿದರೆ ನೆಲದ ಮೇಲೆ ಬೇಟೆಯಾಡುವ ತೋಳಜೇಡ. ಒಂದೇ ಕಡೆ ಹತ್ತಾರು ಸೂಜಿಮೊನೆಯಷ್ಟು ಹೊಳಪು ಕಂಡರೆ ಅದು ಬೆನ್ನ ಮೇಲೆ ಮರಿಗಳನ್ನೆಲ್ಲ ಹೊತ್ತ ತಾಯಿ. ಮರದ ಎತ್ತರದಲ್ಲಿ ಜೋಡಿ ಕೆಂಡದ ಬಣ್ಣ ಕಂಡರೆ ಉಸಿರು ಬಿಗಿಹಿಡಿದು ನಿಲ್ಲಿ, ಕಾಡುಪಾಪ ಇರಬಹುದು.

ಚೇಳಿಗೆ ಮಾತ್ರ ಬೇರೆ ದೀಪ ಬೇಕು. ನೇರಳಾತೀತ ಟಾರ್ಚಿನಡಿ ಅದರ ಮೈ ಹಸಿರಾಗಿ ಹೊಳೆಯುತ್ತದೆ. ಕ್ಷಣ ನೋಡಿ ಆರಿಸಿ, ಅದನ್ನೇ ಗಂಟೆಗಟ್ಟಲೆ ಬಿಟ್ಟು ಗೋಳು ಹೊಯ್ದುಕೊಳ್ಳುವುದು ಬೇಡ.

6. ಹತ್ತು ಹೆಜ್ಜೆ, ನಿಲುಗಡೆ

ಹತ್ತು ಹೆಜ್ಜೆ ನಡೆದು ನಿಂತು ನೋಡಿ. ಮೊದಲು ಮೊಣಕಾಲೆತ್ತರದ ಎಲೆಗಳು, ಆಮೇಲೆ ಎದೆಯೆತ್ತರದ ಕೊಂಬೆಗಳು, ಕೊನೆಗೆ ಎಲೆಗಳ ಅಡಿಭಾಗ. ನಿದ್ದೆಗೆ ಜಾರಿದ ಓತಿಕ್ಯಾತ, ಪೊರೆ ಕಳಚುತ್ತಿರುವ ಕಡ್ಡಿಹುಳ ಎಲ್ಲ ಸಿಗುವುದು ಹೀಗೆ ನಿಂತಾಗಲೇ. ಗುಂಪಿನಲ್ಲಿ ಆರು ಜನಕ್ಕಿಂತ ಹೆಚ್ಚಿದ್ದರೆ ಹಿಂದಿನವರಿಗೆ ಮುಂದಿನವರ ಬೆನ್ನಷ್ಟೇ ದಕ್ಕುತ್ತದೆ.

7. ಮೊದಲು ಕಿವಿ, ಆಮೇಲೆ ಕಣ್ಣು

ಪೊದೆಗಪ್ಪೆಗಳು ಟಿಕ್ ಟಿಕ್ ಎನ್ನುತ್ತಿರುತ್ತವೆ, ಹುಡುಕಿದರೆ ಸಿಗುವುದಿಲ್ಲ. ಉಗುರಿನಷ್ಟಿರುವ ಗಂಡು ಎಲೆಯ ಮೇಲೆ ಕೂತು ಗಂಟಲ ಚೀಲವನ್ನು ದೊಡ್ಡದಾಗಿ ಉಬ್ಬಿಸಿ ಕೂಗುತ್ತದೆ. ಇಬ್ಬರು ಬೇರೆ ಬೇರೆ ಕಡೆ ನಿಂತು ದನಿ ಬಂದತ್ತ ಕೈ ತೋರಿಸಿದರೆ, ಎರಡೂ ಕೈ ಕೂಡುವ ಜಾಗದಲ್ಲಿ ಕಪ್ಪೆ ಇರುತ್ತದೆ. ಈ ಪುಟ್ಟ ಕಪ್ಪೆಗಳಿಗೆ ಗೊದಮೊಟ್ಟೆಯ ಬಾಳೇ ಇಲ್ಲ, ಮೊಟ್ಟೆಯಿಂದ ನೇರ ಮರಿಗಪ್ಪೆಯೇ ಹೊರಬರುತ್ತದೆ.

ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಉಂಡೆ ಕಂಡರೆ ಅದು ಮಲಬಾರ್ ಹಾರುಗಪ್ಪೆಯ ಗೂಡು. ಗೊದಮೊಟ್ಟೆಗಳು ಅಲ್ಲಿಂದಲೇ ಕೆಳಗಿನ ನೀರಿಗೆ ಉದುರುತ್ತವೆ. ಬೆರಳಿಟ್ಟು ನೋಡುವ ಚಪಲ ಬೇಡ. ಕೆ.ವಿ. ಗುರುರಾಜ ಅವರು 2012ರಲ್ಲಿ ಹೊರತಂದ ಪಶ್ಚಿಮ ಘಟ್ಟದ ಕಪ್ಪೆಗಳ ಸಚಿತ್ರ ಕೈಪಿಡಿಯನ್ನು ಹೋಗುವ ಮುನ್ನ ತಿರುವಿ ಹಾಕಿದರೆ ಅರ್ಧ ಹೆಸರುಗಳು ಬಾಯಿಗೆ ಬಂದಿರುತ್ತವೆ.

8. ಸಾಧ್ಯವಾದರೆ ಉತ್ತರಕ್ಕೂ ಒಮ್ಮೆ ಹೋಗಿ

ಶರಾವತಿ ಸೀಮೆಯ ಕತ್ತಲೆಕಾನಿನ ಹಳ್ಳಗಳಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಿ ಗುರುರಾಜ ಮತ್ತು ಸಂಗಡಿಗರು ಲೋಕಕ್ಕೆ ತೋರಿಸಿಕೊಟ್ಟದ್ದು. ಹೆಣ್ಣು ನೀರ ಮೇಲಿನ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲಿನದೆಲ್ಲ ಗಂಡಿನ ಪಾಳಿ. ಹಳ್ಳದ ತಳದಿಂದ ಮುಂಗೈ ತುಂಬ ಕೆಸರು ಬಾಚಿಕೊಂಡು, ಹಿಂಗಾಲ ಮೇಲೆ ಎದ್ದು ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ಬಾಚುತ್ತದೆ. ಮೊಟ್ಟೆಗಳೆಲ್ಲ ಮುಚ್ಚುವ ತನಕ ಇದೇ ಕೆಲಸ. ಹುಲಿ ನೋಡಲು ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ, ನನ್ನನ್ನು ಕೇಳಿದರೆ ಈ ಕೆಸರು ಕೆಲಸದ ಮುಂದೆ ಹುಲಿಯ ಆಕಳಿಕೆ ಸಪ್ಪೆ.

ಹಳ್ಳದೊಳಗೆ ಮಾತ್ರ ಇಳಿಯಬೇಡಿ. ನಿಮ್ಮ ಬೂಟಿನಡಿ ಸಿಗುವುದು ಅಂಥ ಮೊಟ್ಟೆಗಳೇ.

9. ಐದು ನಿಮಿಷ ಎಲ್ಲ ದೀಪ ಆರಿಸಿ

ಫೋನೂ ಒಳಗಿರಲಿ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಆದರೆ ಐದೇ ನಿಮಿಷಕ್ಕೂ ಕೊಳೆತ ಕೊಂಬೆಗಳ ಮೇಲೆ ತಿಳಿಹಸಿರು ಬೆಳಕು ಕಾಣಬಹುದು. ಮಳೆಗಾಲದಲ್ಲಿ ಕೆಲವು ಶಿಲೀಂಧ್ರಗಳು ಹೊಮ್ಮಿಸುವ ಬೆಳಕದು. ಒಬ್ಬರು ಟಾರ್ಚ್ ಹಾಕಿದರೂ ಎಲ್ಲರ ಕಣ್ಣೂ ಹಾಳು.

10. ಇಂಬಳಕ್ಕೆ ಹೆದರಬೇಡಿ, ಉಣ್ಣಿಗೆ ಹೆದರಿ

ಇಂಬಳ ಹತ್ತುತ್ತದೆ, ಕಚ್ಚುತ್ತದೆ, ರಕ್ತ ಹೆಪ್ಪುಗಟ್ಟದಂತೆ ಮಾಡಿ ಹೋಗುತ್ತದೆ. ಉಗುರಿನಿಂದ ಕೆರೆದು ತೆಗೆದು ಸುಮ್ಮನಿರಿ. ಉದ್ದ ಕಾಲುಚೀಲ, ಗಮ್ ಬೂಟ್ ಸಾಕು. ಕೈಗೆ ಸೊಳ್ಳೆ ಮುಲಾಮು ಹಚ್ಚಿಕೊಂಡು ಕಪ್ಪೆ ಮುಟ್ಟುವುದು ಮಾತ್ರ ಕೂಡದು. ಅದರ ಚರ್ಮ ಎಲ್ಲವನ್ನೂ ಹೀರುತ್ತದೆ. ನಿಜ ಹೇಳಬೇಕೆಂದರೆ ಬರಿಗೈಲೂ ಮುಟ್ಟಬೇಡಿ.

ಉಣ್ಣಿಯ ವಿಷಯ ಬೇರೆ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಆಗುಂಬೆ ಇರುವ ತೀರ್ಥಹಳ್ಳಿ ತಾಲೂಕೂ ಅದನ್ನು ಕಂಡಿದೆ. ಅದರ ಕಾಟ ಮುಖ್ಯವಾಗಿ ಮಳೆ ಮುಗಿದ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಹೋಗುವುದಾದರೆ ಅಕ್ಕಪಕ್ಕದಲ್ಲಿ ಮಂಗ ಸತ್ತ ಸುದ್ದಿ ಇದೆಯೇ ಎಂದು ಊರವರನ್ನು ವಿಚಾರಿಸಿ. ಇದ್ದರೆ ನಡಿಗೆ ರದ್ದು.

11. ಆಸ್ಪತ್ರೆ ಎಲ್ಲಿದೆ ಎಂದು ಬೆಳಕಿರುವಾಗಲೇ ನೋಡಿಕೊಳ್ಳಿ

ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಲ್ಕು ಹಾವುಗಳ ವಿಷಕ್ಕೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮಳೆಕಾಡಿನ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಕಚ್ಚಿಸಿಕೊಳ್ಳದಿರುವುದೇ ಔಷಧ: ಕಾಣದ ಕಡೆ ಕೈ ಇಡಬೇಡಿ, ಜಾರಿದಾಗ ಕೊಂಬೆ ಹಿಡಿಯಬೇಡಿ. ಕಚ್ಚಿದರೆ ಕಟ್ಟು ಹಾಕುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ, ಸೀದಾ ಆಸ್ಪತ್ರೆಗೆ.

12. ಫೋಟೊ ಎರಡು ಸಾಕು

ಕಾಡುಪಾಪಕ್ಕೆ, ಗೂಬೆಗೆ ಫ್ಲ್ಯಾಶ್ ಬೇಡ. ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ಬಾಧಿಸದು. ಮೂಢನಂಬಿಕೆಗೆ ಕಾಡುಪಾಪವನ್ನು ಹಿಡಿದು ಮಾರುವವರಿದ್ದಾರೆ, ಹಾಗಾಗಿ ಜಾಲತಾಣದಲ್ಲಿ ಹಾಕುವಾಗ ಊರಿನ ಹೆಸರು, ತೋಟದ ಗುರುತು ಬಿಟ್ಟುಬಿಡಿ.

13. ರಾತ್ರಿಯೇ ಘಾಟಿ ಇಳಿಯಬೇಡಿ

ನಡಿಗೆ ಮುಗಿಸಿ "ಉಡುಪಿಗೆ ಹೋಗಿ ಮಲಗೋಣ" ಎಂದು ಹನ್ನೊಂದಕ್ಕೆ ಕಾರು ಹತ್ತುವವರಿದ್ದಾರೆ. ಮಳೆ ಬಿದ್ದ ರಾತ್ರಿ ಆಗುಂಬೆ ಘಾಟಿಯ ಹಸಿ ಟಾರು ರಸ್ತೆಯನ್ನು ಕಪ್ಪೆ, ಹಾವು, ಏಡಿಗಳು ದಾಟುತ್ತಿರುತ್ತವೆ. ಎರಡು ಗಂಟೆ ಉಸಿರು ಬಿಗಿಹಿಡಿದು ನೋಡಿದ ಜೀವಿಗಳನ್ನೇ ಅರ್ಧ ಗಂಟೆಯಲ್ಲಿ ಚಕ್ರದಡಿ ಹಾಕುವುದು ಯಾವ ನ್ಯಾಯ? ಹೋಂಸ್ಟೇಯವರಿಗೆ ಇನ್ನೊಂದು ರಾತ್ರಿಯ ಬಾಡಿಗೆ ಕೊಟ್ಟು ಅಲ್ಲೇ ಮಲಗಿ, ಬೆಳಿಗ್ಗೆ ಕಾಫಿ ಕುಡಿದು ಹೊರಡಿ.