ಗೃಹಸಾಲದ ಸಹಾಯಧನ ಮತ್ತು ಮುಂಗಡ ಹಣ

ಸರ್ಕಾರದ ಬಡ್ಡಿ ಸಹಾಯಧನವಿರುವುದರಿಂದ ಮುಂಗಡ ಹಣವಿಲ್ಲದೆಯೇ ಮನೆ ಕೊಳ್ಳಬಹುದೆಂಬ ಭಾವನೆ ಸರಿಯಲ್ಲ. ಅರಕೆರೆಯ ವರ್ತಕರೊಬ್ಬರು ಶ್ರೀರಂಗಪಟ್ಟಣದಲ್ಲಿ 20 ಲಕ್ಷ ರೂ. ಬೆಲೆಯ ಮನೆ ಕೊಳ್ಳುವರೆಂದು ಭಾವಿಸೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲ ಗರಿಷ್ಠ ಶೇ. 90, ಅಂದರೆ 18 ಲಕ್ಷ ರೂ.; ಉಳಿದ 2 ಲಕ್ಷ ರೂ. ಕೊಳ್ಳುವವರೇ ಹೊಂದಿಸಬೇಕು. ಬೆಲೆ 10 ಲಕ್ಷ ರೂ. ಮೀರಿದ ಮನೆಗೆ ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳನ್ನು ಈ ಲೆಕ್ಕದಲ್ಲಿ ಸೇರಿಸುವಂತಿಲ್ಲ. 2025ರ ಆಗಸ್ಟ್ 31ರಿಂದ ಶೇ. 2ಕ್ಕೇರಿದ ನೋಂದಣಿ ಶುಲ್ಕವೊಂದೇ 40 ಸಾವಿರ ರೂ. ಆಗುತ್ತದೆ.

ಪ್ರಧಾನಮಂತ್ರಿ ಆವಾಸ್ ಯೋಜನೆ-ನಗರ 2.0ರಲ್ಲಿ ವಾರ್ಷಿಕ ಆದಾಯ 9 ಲಕ್ಷ ರೂ. ಮೀರದ, ಪಕ್ಕಾ ಮನೆಯಿಲ್ಲದ ಅರ್ಹ ಕುಟುಂಬಕ್ಕೆ ಗರಿಷ್ಠ 1.80 ಲಕ್ಷ ರೂ. ಸಹಾಯಧನವುಂಟು. ಆದರೆ ಅದು ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಜಮೆಯಾಗುವುದೇ ಹೊರತು ನೋಂದಣಿಯ ದಿನ ಕೈಗೆ ಬರುವುದಿಲ್ಲ. ಆದುದರಿಂದ ಅದನ್ನು ನಂಬಿ ಅಂಗಡಿಯ ದುಡಿಯುವ ಬಂಡವಾಳವನ್ನು ಮನೆಗೆ ತೊಡಗಿಸದೆ, ಮುಂಗಡ ಹಣವನ್ನು ಪ್ರತ್ಯೇಕವಾಗಿ ಕೂಡಿಡುವುದು ಲೇಸು.