ಗೋಡೆಯ ಮೇಲಿನ ದೇವರ ಪಟಗಳು



ನಮ್ಮಲ್ಲಿ ಅನೇಕರ ಮನೆಗಳಲ್ಲಿ ಅಜ್ಜಿಯ ಕಾಲದ ಲಕ್ಷ್ಮಿಯ ಪಟವೋ ಸರಸ್ವತಿಯ ಪಟವೋ ಇದ್ದೀತು. ನಿತ್ಯವೂ ಅದಕ್ಕೆ ಕೈಮುಗಿಯುತ್ತೇವೆ. ಆದರೆ ಕಣ್ಣಿಟ್ಟು ನೋಡುವವರು ವಿರಳ. ಇಂತಹ ಪಟಗಳ ಕಥೆಯು ನಮ್ಮ ಈ ಮುಂಬಯಿ ನಗರದೊಡನೆಯೇ ಹೆಣೆದುಕೊಂಡಿದೆ.

ತಿರುವಾಂಕೂರು ಸೀಮೆಯ ಕಿಳಿಮಾನೂರಿನಲ್ಲಿ 1848ರಲ್ಲಿ ಜನಿಸಿದ ರಾಜಾ ರವಿವರ್ಮನು ಮೈಸೂರು, ಬಡೋದೆ ಮೊದಲಾದ ಸಂಸ್ಥಾನಗಳ ಅರಸರಿಗಾಗಿ ತೈಲಚಿತ್ರಗಳನ್ನು ರಚಿಸಿದನು. ಅರಮನೆಯ ಚಿತ್ರಗಳನ್ನು ಜನಸಾಮಾನ್ಯರು ಕಾಣುವುದೆಂತು? ಆತನು 1894ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಮುದ್ರಣಾಲಯವನ್ನು ತೆರೆದನು. ಮುಂದೆ ಅದು ಲೋನಾವಳದ ಸಮೀಪದ ಮಳವಲಿಗೆ ಸಾಗಿತು.

ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿ ಬಣ್ಣ ಹಚ್ಚಿದರೆ, ಜಿಡ್ಡು ಇರುವೆಡೆಯಲ್ಲಿ ಮಾತ್ರ ಬಣ್ಣವು ಅಂಟುವುದು. ಇದೇ ಕಲ್ಲಚ್ಚು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು ಬೇಕು. ಕೂದಲೆಳೆಯಷ್ಟು ಸರಿದರೂ ದೇವಿಯ ಮುಖವು ಕೆಡುವುದು.

ಇನ್ನು ಪಟದೊಳಗಿನ ಸಂಕೇತಗಳನ್ನು ನೋಡೋಣ. ರವಿವರ್ಮನ ಲಕ್ಷ್ಮಿಯು ಕೊಳದ ನಡುವೆ ಕಮಲದ ಮೇಲೆ ನಿಂತಿರುವಳು. ಮೇಲಿನ ಎರಡು ಕೈಗಳಲ್ಲಿಯೂ ಕಮಲಗಳು. ಕೆಸರಿನಲ್ಲಿ ಹುಟ್ಟಿಯೂ ಕೆಸರನ್ನು ಅಂಟಿಸಿಕೊಳ್ಳದ ಹೂವದು. ಸಂಪತ್ತಿನ ನಡುವೆ ಮನುಷ್ಯನು ಇರಬೇಕಾದ ಬಗೆಯೂ ಅದೇ. ಮಾಲೆಯನ್ನೆತ್ತಿದ ಆನೆಯು ರಾಜವೈಭವವನ್ನೂ, ಬೆಳೆಗೆ ಜೀವವಾದ ಮಳೆಯ ಮೋಡವನ್ನೂ ಸೂಚಿಸುವುದು. ಸರಸ್ವತಿಗೆ ಉಟ್ಟದ್ದು ಬಿಳಿಯ ಸೀರೆ. ಅದು ನಿರ್ಮಲತೆಯ ಗುರುತು. ಗ್ರಂಥವು ಜ್ಞಾನವನ್ನೂ, ವೀಣೆಯು ಕಲೆಯನ್ನೂ, ಜಪಮಾಲೆಯು ಏಕಾಗ್ರವಾದ ಅಭ್ಯಾಸವನ್ನೂ ತಿಳಿಸುವುವು. ಗ್ರಂಥವೊಂದೇ ಇದ್ದು ಜಪಮಾಲೆ ಇಲ್ಲದಿದ್ದರೆ ವಿದ್ಯೆ ನಿಲ್ಲದು ಎಂಬುದನ್ನು ವಿದ್ಯಾರ್ಥಿಗಳಾದ ನಾವು ಮರೆಯಬಾರದು.

ಆದರೆ ಈ ಪಟಗಳ ಹಿರಿಮೆಯು ಅಂದದಲ್ಲಷ್ಟೇ ಇಲ್ಲ. ಅಂದು ಅಸ್ಪೃಶ್ಯರೆನಿಸಿಕೊಂಡವರಿಗೆ ಅನೇಕ ಗುಡಿಗಳ ಬಾಗಿಲು ಮುಚ್ಚಿತ್ತು. ರವಿವರ್ಮನ ತಿರುವಾಂಕೂರಿನಲ್ಲಿಯೇ ಸರಕಾರದ ದೇವಾಲಯಗಳು ಹಿಂದೂಗಳೆಲ್ಲರಿಗೂ ತೆರೆದುದು 1936ರಲ್ಲಿ. ಮುದ್ರಣಾಲಯವು ಆರಂಭವಾಗಿ 42 ವರ್ಷಗಳಾದ ಮೇಲೆ. ಅಷ್ಟರೊಳಗೆ ಕಾಗದದ ದೇವರು ಯಾರ ಕುಲವನ್ನೂ ಕೇಳದೆ ಬಡವರ ಗೋಡೆಯನ್ನೇರಿದ್ದನು. ಕೊಂಡವನ ಮನೆಯೇ ಗುಡಿ, ಅವನೇ ಅರ್ಚಕ!

ಆದುದರಿಂದ, ಮಿತ್ರರೇ, ಮನೆ ಬದಲಿಸುವಾಗ ಬಣ್ಣ ಮಾಸಿತೆಂದು ಹಳೆಯ ಪಟವನ್ನು ಅಶ್ವತ್ಥದ ಕಟ್ಟೆಯ ಮೇಲೆ ಬಿಟ್ಟುಬರುವ ಮುನ್ನ ಒಮ್ಮೆ ಅದನ್ನು ಕೆಳಗಿಳಿಸಿರಿ. ಧೂಳನ್ನು ಒರಸಿರಿ. ಕೈಮುಗಿಯುವ ಮೊದಲು ಓದಿರಿ.